ಕಕ್ಕಿಂಜೆಯಲ್ಲಿ ಕೇಳಿದ ಹಿಮಕರಡಿಯ ಬೇಟೆ

ನಮ್ಮ ಮನೆಯಲ್ಲಿ ಯಾರಾದರೂ ವಿಚಿತ್ರವಾದದ್ದೇನಾದರೂ ಹೇಳಲು ಹೊರಟರೆ ಮೊದಲು ನನ್ನ ಮುಖ ನೋಡುತ್ತಾರೆ. ನಾನು ಎದ್ದು ಒಳಗೆ ಹೋಗಲಿ ಎಂದು ಕಾಯುವವರೂ ಇದ್ದಾರೆ. ಮೂಡುಬಿದಿರೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದವಳು ನಾನು. "ನೀನು ಕಣ್ಣಾರೆ ನೋಡಿದ್ದಾ, ಯಾರೋ ಹೇಳಿದ್ದಾ?" ಎಂದು ಕೇಳದೆ ಒಂದು ಮಾತನ್ನೂ ಒಪ್ಪಿದವಳಲ್ಲ. ಅತ್ತೆ ತೀರಿಕೊಂಡ ಗಳಿಗೆಗೆ ಸರಿಯಾಗಿ, ವರ್ಷಗಟ್ಟಲೆ ನಿಂತುಹೋಗಿದ್ದ ಗೋಡೆ ಗಡಿಯಾರ ಗಂಟೆ ಹೊಡೆಯಿತೆಂದು ಬಂಟ್ವಾಳದಲ್ಲಿರುವ ನನ್ನ ನಾದಿನಿ ಹೇಳಿದಾಗ, ನಾನು ಸ್ಟೂಲ್ ಹತ್ತಿ ಆ ಗಡಿಯಾರವನ್ನು ಇಳಿಸಿ, ಹಿಂದಿನ ಮುಚ್ಚಳ ಬಿಚ್ಚಿ ನೋಡಿದ್ದೆ. ಆಕೆ ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ನನಗೆ ಬೇಸರವಾಗಿತ್ತು ನಿಜ, ಆದರೆ ತಪ್ಪು ಮಾಡಿದೆನೆಂದು ಅನಿಸಿರಲಿಲ್ಲ.

ಈಗ ನಾನು ಬರೆಯಹೊರಟಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೇಳಿದವರು ಜಾಣರಾಗಿದ್ದರೆ ಸುಳ್ಳು ಹೇಳುತ್ತಿದ್ದಾರೆ ಎನ್ನುತ್ತಿದ್ದೆ, ಪಾಪದವರಾಗಿದ್ದರೆ ಯಾರೋ ಇವರನ್ನು ಏಮಾರಿಸಿದ್ದಾರೆ ಎನ್ನುತ್ತಿದ್ದೆ. ಹೀಗಾಗಿ ಓದುವ ನಿಮಗೂ ಸಂಶಯ ಬಂದರೆ ನನಗೆ ಆಶ್ಚರ್ಯವಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ, ಅಷ್ಟೇ.

ನಿವೃತ್ತಿಯ ನಂತರ ನಾನು ಒಂದು ಕೆಲಸ ಹಿಡಿದಿದ್ದೆ. ಕಾಡುಪ್ರಾಣಿಗಳ ಬಗ್ಗೆ ಟಿವಿಯಲ್ಲಿ ಬರುವ ಇಂಗ್ಲಿಷ್ ಚಿತ್ರಗಳಿಗೆ ಕನ್ನಡದಲ್ಲಿ ನಿರೂಪಣೆ ಬರೆಯುವುದು, ಕೆಲವಕ್ಕೆ ನಾನೇ ದನಿ ಕೊಡುವುದು. ಮುಂಬಯಿಯ ಒಂದು ಸಂಸ್ಥೆ ಚಿತ್ರದ ಪ್ರತಿಯನ್ನು ಕಳಿಸುತ್ತಿತ್ತು. ಮೂಡುಬಿದಿರೆಯಲ್ಲಿ ಪ್ರವೀಣನ ಸ್ಟುಡಿಯೋದಲ್ಲಿ ಧ್ವನಿಮುದ್ರಣ ನಡೆಯುತ್ತಿತ್ತು. ಪ್ರವೀಣ ನನ್ನ ಹಳೆಯ ವಿದ್ಯಾರ್ಥಿ, ಆಗ ನಲವತ್ತರ ಹತ್ತಿರದವನು. ಮದುವೆ ವಿಡಿಯೋ ಮಾಡಿಕೊಂಡಿದ್ದವನು ಈ ಡಬ್ಬಿಂಗಿಗಾಗಿಯೇ ಆ ಕೋಣೆಯ ಗೋಡೆಗೆಲ್ಲ ಸ್ಪಂಜು ಬಡಿಸಿದ್ದ. ಕೆಳಗಿನ ಅಂತಸ್ತಿನಲ್ಲಿ ಟೈಲರ್ ಅಂಗಡಿ. ಹೊಲಿಗೆ ಯಂತ್ರಗಳ ಸದ್ದು ಮೈಕಿಗೆ ಬರುತ್ತಿದ್ದುದರಿಂದ ಟೈಲರು ಊಟಕ್ಕೆ ಹೋದ ಒಂದೂವರೆ ಗಂಟೆಯಲ್ಲೇ ನಮ್ಮ ಕೆಲಸ ಮುಗಿಯಬೇಕಿತ್ತು. ಹತ್ತಾರು ಚಿತ್ರಗಳನ್ನು ನಾವಿಬ್ಬರೂ ಹೀಗೆ ಮುಗಿಸಿದ್ದೆವು. ನಮ್ಮ ನಡುವೆ ಒಂದು ಜಗಳವಾದರೂ ಬಂದದ್ದು ನನಗೆ ನೆನಪಿಲ್ಲ.

ಮೂರು ವರ್ಷದ ಹಿಂದೆ ಏಪ್ರಿಲಿನಲ್ಲಿ ಬಂದ ಚಿತ್ರ ಹಿಮಕರಡಿಗಳು ಬೇಟೆಯಾಡುವ ರೀತಿಯ ಬಗ್ಗೆ. ಚಿತ್ರ ಇನ್ನೂ ಎಲ್ಲೂ ಪ್ರಸಾರವಾಗಿರಲಿಲ್ಲ. ಸಂಕಲನ ಕೂಡ ಪೂರ್ತಿಯಾಗಿರಲಿಲ್ಲ. ಯಾರಿಗೂ ತೋರಿಸುವುದಿಲ್ಲ ಎಂದು ನಾನೂ ಪ್ರವೀಣನೂ ಸಹಿ ಹಾಕಿ ಕೊಟ್ಟಿದ್ದೆವು. ನಮ್ಮ ಕಡೆ ಎರಡೇ ಪ್ರತಿಗಳಿದ್ದವು: ಒಂದು ನನ್ನ ಕಂಪ್ಯೂಟರಿನಲ್ಲಿ, ಇನ್ನೊಂದು ಅವನದರಲ್ಲಿ.

ಆ ಚಿತ್ರ ನನ್ನನ್ನು ಹಿಡಿದುಬಿಟ್ಟಿತು ಎಂದು ಒಪ್ಪಿಕೊಳ್ಳುತ್ತೇನೆ. ಅಷ್ಟು ದೊಡ್ಡ ಪ್ರಾಣಿ, ಓಡಿಸಿಕೊಂಡು ಹೋಗಿ ಹಿಡಿಯುವುದಕ್ಕಿಂತ ಕಾದು ಹಿಡಿಯುವುದನ್ನೇ ನೆಚ್ಚಿಕೊಂಡಿದೆ. ಕಡಲ ಮೇಲೆ ಹೆಪ್ಪುಗಟ್ಟಿದ ಮಂಜಿನಲ್ಲಿ ಸೀಲ್‌ಗಳು ಉಸಿರಾಡಲು ಅಲ್ಲಲ್ಲಿ ಕಿಂಡಿ ಕೊರೆದಿಟ್ಟುಕೊಳ್ಳುತ್ತವೆ. ಕರಡಿ ಅಂಥ ಕಿಂಡಿಯನ್ನು ಮೂಸಿ ಪತ್ತೆ ಮಾಡಿ, ಅದರ ಅಂಚಿನಲ್ಲಿ ಗಲ್ಲ ಊರಿ ಮಲಗುತ್ತದೆ. ಗಂಟೆಗಟ್ಟಲೆ ಅಲುಗುವುದಿಲ್ಲ. ಕಾಲಿನ ಉಗುರು ಮಂಜಿಗೆ ತಾಗಿದ ಸದ್ದು ಕೂಡ ಕೆಳಗೆ ನೀರಿನಲ್ಲಿರುವ ಸೀಲ್‌ಗೆ ಕೇಳಿಸುತ್ತದಂತೆ. ಮಂಜಿನ ಮೇಲೆ ಬಿಸಿಲಿಗೆ ಮಲಗಿದ ಸೀಲ್ ಆದರೆ ಕ್ರಮ ಬೇರೆ. ಅದು ತೂಕಡಿಸುವಾಗ ಕರಡಿ ಮುಂದೆ ಸರಿಯುತ್ತದೆ, ತಲೆಯೆತ್ತಿದಾಗ ಇದ್ದಲ್ಲೇ ಕಲ್ಲಾಗುತ್ತದೆ. ಹಿಮದಡಿಯ ಗೂಡಿನಲ್ಲಿ ಸೀಲ್‌ನ ಮರಿಗಳಿದ್ದರೆ ಹಿಂಗಾಲ ಮೇಲೆ ಎದ್ದು ಮುಂಗಾಲುಗಳನ್ನು ಧಡಾರನೆ ಕುಕ್ಕಿ ಗೂಡಿನ ಮಾಡನ್ನು ಒಡೆಯುತ್ತದೆ. ಇಷ್ಟೆಲ್ಲ ಮಾಡಿಯೂ ಹೆಚ್ಚಿನ ಸಲ ಬರಿಹೊಟ್ಟೆಯಲ್ಲೇ ಹಿಂದಿರುಗುತ್ತದೆ.

ಚಿತ್ರದಲ್ಲಿ ಮುಖ್ಯವಾದ ಕರಡಿ ಒಂದಿತ್ತು, ಹೆಣ್ಣು. ಅದರ ಎಡಗಿವಿಯ ತುದಿ ಹರಿದಿತ್ತು. ಓರೆಯಾಗಿ ಎದ್ದುನಿಂತ ಒಂದು ಮಂಜಿನ ಚಪ್ಪಡಿಯ ಪಕ್ಕದ ಕಿಂಡಿಯಲ್ಲಿ ಅದು ಬಹಳ ಹೊತ್ತು ಕಾಯುತ್ತದೆ. ಕೊನೆಗೆ ಎದ್ದು, ಹಿಂದಿರುಗಿ ನೋಡದೆ ಹೊರಟುಹೋಗುತ್ತದೆ. ನನ್ನ ಪ್ರತಿಯಲ್ಲಿ ಆ ಭಾಗ ಅಲ್ಲಿಗೇ ಮುಗಿಯುತ್ತಿತ್ತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಬರೆಯುವಾಗ ಒಂದೊಂದು ಪದಕ್ಕೂ ತಿಣುಕಿದೆ. ಸಂಧಿ ನಿಯಮದ ಪ್ರಕಾರ 'ಉಸಿರುಗಿಂಡಿ' ಎಂದು ಬರೆದುಕೊಂಡು ಹೋದರೆ ಪ್ರವೀಣ ನಕ್ಕ, ಕೇಳಿದವರು ಮೂತಿಯಿರುವ ನೀರಿನ ಗಿಂಡಿ ಎಂದುಕೊಂಡಾರು ಎಂದ. 'ಉಸಿರುಕಿಂಡಿ' ಎಂದು ತಿದ್ದಿದೆ. ಇನ್ನೂ ಕೆಲವು ಕಡೆ ನನಗೆ ಅನುಮಾನವಿತ್ತು. ಕರಡಿ ತನ್ನ ಕಪ್ಪು ಮೂಗು ಕಾಣದಂತೆ ಪಂಜದಿಂದ ಮುಚ್ಚಿಕೊಳ್ಳುತ್ತದೆ ಎಂದು ಇಂಗ್ಲಿಷ್ ಬರಹದಲ್ಲಿತ್ತು. ಚಿತ್ರದಲ್ಲಿ ಎಲ್ಲೂ ಅದು ಕಾಣಿಸುತ್ತಿರಲಿಲ್ಲ. ಆಗ ಪ್ರವೀಣನೇ ಹೇಳಿದ್ದು, ಕಕ್ಕಿಂಜೆಯಲ್ಲಿ ಒಬ್ಬರು ಹಿರಿಯರಿದ್ದಾರೆ, ಹಮೀದಾಕ ಎಂದು ಕರೆಯುತ್ತಾರೆ, ಮಂಜಿನ ಕಡಲಿಗೆ ಹೋಗುವ ಹಡಗಿನಲ್ಲಿ ವರ್ಷಗಟ್ಟಲೆ ಅಡುಗೆಯವರಾಗಿದ್ದರು, ಒಮ್ಮೆ ಮಾತಾಡಿ ನೋಡಿ ಎಂದು. ಪ್ರವೀಣನ ಹೆಂಡತಿಯ ಮನೆ ಬೆಳ್ತಂಗಡಿಯಲ್ಲಿ. ಆ ಕಡೆ ಯಾವುದೋ ಮದುವೆಯ ವಿಡಿಯೋ ಮಾಡಲು ಹೋದಲ್ಲಿ ಹಮೀದಾಕನ ಪರಿಚಯವಾದದ್ದಂತೆ.

ಒಂದು ಶನಿವಾರ ಬೆಳಿಗ್ಗೆ ವೇಣೂರಿನ ಮೇಲೆ ಹೋಗುವ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದೆ. ಅಲ್ಲಿಂದ ಚಾರ್ಮಾಡಿ ಬಸ್ಸಿನಲ್ಲಿ ಕಕ್ಕಿಂಜೆ. ಚೀಲದಲ್ಲಿ ಒಂದು ನೋಟ್ ಪುಸ್ತಕ, ಅದರಲ್ಲಿ ಬರೆದುಕೊಂಡ ಐದು ಪ್ರಶ್ನೆಗಳು, ನೀರಿನ ಬಾಟಲಿ. ಚಿತ್ರವನ್ನಾಗಲಿ ಅದರ ಬರಹವನ್ನಾಗಲಿ ನಾನು ಒಯ್ದಿರಲಿಲ್ಲ.

ಹಮೀದಾಕನ ಮನೆ ರಸ್ತೆಯಿಂದ ಸ್ವಲ್ಪ ಒಳಗೆ, ಮಸೀದಿಯ ಹಿಂದೆ. ಎಪ್ಪತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಬಿಳಿ ಬನಿಯನ್, ಚೌಕುಳಿ ಲುಂಗಿ. ಮಗ ಹೊರದೇಶದಲ್ಲಿ, ದಮ್ಮಾಮಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಸೊಸೆ ಝುಬೈದಾ ಮತ್ತು ಅವರು ಇಬ್ಬರೇ. ಝುಬೈದಾ ಜಗಲಿಗೆ ಹಾಲಿಲ್ಲದ ಸುಲೈಮಾನಿ ಚಹಾ ತಂದಿಟ್ಟು ಒಳಗೆ ಹೋದಳು. ನಾನು ಮೊದಲಿಗೆ ಅವರನ್ನು ನಂಬಲಿಲ್ಲ. ಊರಿಗೆ ಬಂದ ಹಡಗಿನವರು ಕಡಲನ್ನು ಎರಡು ಪಾಲು ದೊಡ್ಡದು ಮಾಡಿ ಹೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಹಾಗಾಗಿ ಮೂಗು ಮುಚ್ಚಿಕೊಳ್ಳುವ ಪ್ರಶ್ನೆಯನ್ನೇ ಮೊದಲು ಕೇಳಿದೆ. ಹೌದೆಂದರೆ ಅಲ್ಲಿಂದಲೇ ಎದ್ದು ಬರುವುದೆಂದು ಲೆಕ್ಕ.

ಅವರು ನಕ್ಕರು. "ಅದು ಕಥೆ ಟೀಚರ್. ನಮ್ಮ ಹಡಗಿನಲ್ಲಿ ಮೂವತ್ತು ವರ್ಷದಿಂದ ಕರಡಿ ನೋಡಿದವರು ಇದ್ರು. ಒಬ್ಬರೂ ಅದನ್ನು ನೋಡಿದ್ದು ಅಂತ ಹೇಳ್ಲಿಲ್ಲ."

ಆ ಉತ್ತರದಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ಉಳಿದ ನಾಲ್ಕು ಪ್ರಶ್ನೆಗಳಿಗೂ ಅವರು ಗೊತ್ತಿದ್ದಷ್ಟಕ್ಕೆ ಉತ್ತರ ಕೊಟ್ಟರು, ಗೊತ್ತಿಲ್ಲದಲ್ಲಿ ಗೊತ್ತಿಲ್ಲ ಎಂದರು. ಗಾಳಿಗೆ ಎದುರಾಗಿಯೇ ಕರಡಿ ಬರುವುದು, ಹೊಟ್ಟೆ ತುಂಬಿದ ಕರಡಿ ಸೀಲ್‌ನ ಕೊಬ್ಬನ್ನಷ್ಟೇ ತಿಂದು ಮಾಂಸ ಬಿಟ್ಟುಹೋಗುವುದು, ಆ ಉಳಿಕೆಗಾಗಿ ಬಿಳಿ ನರಿಗಳು ಹಿಂದೆ ಹಿಂದೆ ಬರುವುದು. ಎಲ್ಲವನ್ನೂ ಬರೆದುಕೊಂಡೆ.

ಆಮೇಲೆ ನಡೆದದ್ದನ್ನು ನನಗೆ ನೆನಪಿರುವ ಹಾಗೆ ಹೇಳುತ್ತೇನೆ. ಹಮೀದಾಕ ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೆ ಸರಿದು ಕುಳಿತರು. ಅಂಗಳದ ಕಡೆ ನೋಡುತ್ತಾ, ದನಿ ತಗ್ಗಿಸಿ, ಒಂದು ಕರಡಿಯ ವಿಷಯ ಹೇಳತೊಡಗಿದರು. ಹೆಣ್ಣು ಕರಡಿ, ಎಡಗಿವಿಯ ತುದಿ ಹರಿದದ್ದು. ಓರೆಯಾದ ಚಪ್ಪಡಿಯ ಪಕ್ಕದ ಕಿಂಡಿ. ನನ್ನ ಪೆನ್ನು ನಿಂತಿತು. ನಾನು ಈ ಕರಡಿಯ ಸುದ್ದಿಯನ್ನೇ ಎತ್ತಿರಲಿಲ್ಲ. ತಡೆದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಯಾಕೆ ಕೇಳಲಿಲ್ಲವೆಂದರೆ, ಇನ್ನೂ ಎಷ್ಟು ಹೇಳುತ್ತಾರೆ ನೋಡುವ ಎಂಬ ಸಂಶಯದ ಬುದ್ಧಿ. ಮತ್ತೆ ಬರೆಯತೊಡಗಿದೆ.

ಕರಡಿ ಕಾದು ಕಾದು ಎದ್ದು ಹೋಗುವಲ್ಲಿಗೆ ಕಥೆ ಬಂತು. ಚಿತ್ರ ಅಲ್ಲಿ ಮುಗಿಯುತ್ತದೆ ಎಂದು ಹೇಳಿದೆನಲ್ಲ, ಕಥೆ ಮುಗಿಯಲಿಲ್ಲ. ಅದು ಹೋಗಲಿಲ್ಲ, ಹೋದ ಹಾಗೆ ಮಾಡಿತು. ಮೇಲಿನ ಭಾರ ದೂರವಾಗುವುದನ್ನು ಕೆಳಗಿನ ಸೀಲ್ ಕೇಳಿಸಿಕೊಳ್ಳಲಿ ಎಂದೇ ಹೆಜ್ಜೆ ಊರಿ ಊರಿ ನಡೆಯಿತು. ಬಹಳ ದೂರ ಹೋಗಿ, ಸುತ್ತು ಹಾಕಿ, ಗಾಳಿಗೆ ಎದುರಾಗಿ ತಿರುಗಿತು. ಬರುವಾಗ ತನ್ನದೇ ಹಳೆಯ ಹೆಜ್ಜೆಗುರುತುಗಳ ಒಳಗೆ ಒಂದೊಂದೇ ಕಾಲಿಟ್ಟು ಬಂತು. ಮೆಟ್ಟಿ ಗಟ್ಟಿಯಾದ ಹಿಮ ಸದ್ದು ಮಾಡುವುದಿಲ್ಲ. ಈ ಸಲ ಚಪ್ಪಡಿಯ ಆಚೆ ಬದಿಯಲ್ಲಿ ಮಲಗಿತು. ಕಿಂಡಿಯ ನೀರು ಒಂದು ಬೆರಳಿನಷ್ಟು ಉಬ್ಬಿತು. ಆಮೇಲೆ ಎಲ್ಲ ಒಂದೇ ಕ್ಷಣ. ಬಿಳಿ ನರಿಯೊಂದು ಅಲ್ಲೇ ಇತ್ತು, ಬೇಟೆ ಆಗುವ ಮೊದಲೇ ಬಂದು ಕುಳಿತಿತ್ತು. ನರಿಯ ಈಚೆ, ಹಿಮದಲ್ಲಿ ಒಂದು ಕೆಂಪು ಗವಸು ಬಿದ್ದಿತ್ತು, ಹೆಬ್ಬೆರಳಿಗೆ ನೀಲಿ ದಾರದಲ್ಲಿ ಹೊಲಿಗೆ ಹಾಕಿದ್ದು.

ಇದನ್ನು ಕೇಳುತ್ತಿದ್ದಾಗ ನಾನು ಕಂಡ ಒಂದು ಸಂಗತಿಯಿದೆ. ಮಧ್ಯಾಹ್ನ ಹನ್ನೆರಡು ದಾಟಿತ್ತು. ಏಪ್ರಿಲ್ ಬಿಸಿಲು, ಮೇಲೆ ಫ್ಯಾನು ತಿರುಗಿದರೂ ಬಿಸಿಗಾಳಿ. ಹಮೀದಾಕನ ಬಾಯಿಯ ಮುಂದೆ, ಪ್ರತಿ ಉಸಿರಿಗೂ, ಬೆಳ್ಳಗೆ ಹಬೆ ಏಳುತ್ತಿತ್ತು. ಚಳಿಗಾಲದ ಬೆಳಿಗ್ಗೆ ನಮ್ಮೆಲ್ಲರ ಬಾಯಿಂದ ಬರುತ್ತದಲ್ಲ, ಹಾಗೆ. ಮೊದಲು ಚಹಾದ ಹಬೆ ಎಂದುಕೊಂಡೆ. ಲೋಟ ಆಗಲೇ ಖಾಲಿಯಾಗಿತ್ತು. ಬೀಡಿಯೇ ಎಂದು ಕೈ ನೋಡಿದೆ, ಎರಡೂ ಕೈ ಮಡಿಲಲ್ಲಿದ್ದವು. ಅಷ್ಟರಲ್ಲಿ ಝುಬೈದಾ ಬಾಗಿಲಿಗೆ ಬಂದು ನಮ್ಮನ್ನೇ ನೋಡಿದಳು. ಏನೋ ಕೇಳಿದಳು, ನನಗೆ ಸರಿಯಾಗಿ ಕಿವಿಗೆ ಬೀಳಲಿಲ್ಲ. ಒಳಗೆ ಹೋಗಿ ಒಂದು ಹೊದಿಕೆ ತಂದು ಕುರ್ಚಿಗಳ ನಡುವಿನ ಸ್ಟೂಲಿನ ಮೇಲಿಟ್ಟಳು. ಮುದುಕರಿಗೆ ಇರಬೇಕು ಎಂದುಕೊಂಡೆ.

ನಾನು ಅಲ್ಲಿಂದ ಹೊರಟದ್ದು ಹೇಗೆ ಎಂದು ಸ್ಪಷ್ಟವಾಗಿ ನೆನಪಿಲ್ಲ. ಬಸ್ಸು ಉಜಿರೆ ದಾಟುವಾಗ ನನ್ನ ತಲೆ ಮತ್ತೆ ಎಂದಿನಂತೆ ಕೆಲಸ ಮಾಡತೊಡಗಿತ್ತು, ಒಂದೇ ದಿಕ್ಕಿಗೆ: ಪ್ರವೀಣ ಇವರಿಗೆ ಚಿತ್ರ ತೋರಿಸಿದ್ದಾನೆ. ಕಿವಿ, ಚಪ್ಪಡಿ, ಕಿಂಡಿ, ಇದೆಲ್ಲ ಬೇರೆ ಹೇಗೆ ಗೊತ್ತಾಗಬೇಕು? ತಿರುಗಿ ಬಂದ ಕರಡಿ, ನರಿ, ಗವಸು ಇವೆಲ್ಲ ಮುದುಕರು ಸೇರಿಸಿದ ಒಗ್ಗರಣೆ. ಹಬೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬಿಸಿಲಿಗೆ ಕಣ್ಣು ಮಂಜಾಗಿರಬೇಕು ಎಂದು ಬದಿಗಿಟ್ಟೆ.

ಸೋಮವಾರ ಟೈಲರು ಊಟಕ್ಕೆ ಹೋದ ಮೇಲೆ ಸ್ಟುಡಿಯೋದಲ್ಲಿ ಪ್ರವೀಣನನ್ನು ಕೇಳಿದೆ. ಅವನು ಮೊದಲು ತಮಾಷೆ ಎಂದುಕೊಂಡ. ಅಲ್ಲ ಎಂದು ತಿಳಿದಾಗ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಹಮೀದಾಕನನ್ನು ನೋಡಿ ನಾಲ್ಕು ವರ್ಷವಾಯಿತು, ಅವರ ಫೋನ್ ನಂಬರೂ ನನ್ನಲ್ಲಿಲ್ಲ ಎಂದ. ನಾನು ಬೇರೆ ಬೇರೆ ರೀತಿಯಲ್ಲಿ ಮತ್ತೆ ಮತ್ತೆ ಕೇಳಿದೆ. ತರಗತಿಯಲ್ಲಿ ಕಾಪಿ ಹೊಡೆದ ಹುಡುಗರನ್ನು ಹಾಗೆಯೇ ಕೇಳುತ್ತಿದ್ದೆ.

"ಟೀಚರ್, ನೀವು ಕೇಳ್ಲಿಕ್ಕೆ ಬಂದದ್ದಲ್ಲ. ತೀರ್ಮಾನ ಮಾಡಿ ಬಂದದ್ದು," ಎಂದ ಅವನು.

ಅದು ನಿಜವಾಗಿತ್ತು. ಆ ರಾತ್ರಿಯೇ ಮುಂಬಯಿಯ ಸಂಸ್ಥೆಗೆ ಬರೆದೆ. ಹೆಸರು ಹಿಡಿದು ದೂರಲಿಲ್ಲ. ಚಿತ್ರದ ಭಾಗ ಹೊರಗಿನವರ ಕಣ್ಣಿಗೆ ಬಿದ್ದಿರುವ ಅನುಮಾನವಿದೆ, ನನ್ನ ಪ್ರತಿ ನನ್ನ ಬಳಿಯೇ ಭದ್ರವಾಗಿದೆ ಎಂದಷ್ಟೇ ಬರೆದೆ. ಎರಡೇ ಪ್ರತಿ ಇರುವಲ್ಲಿ ಇದಕ್ಕಿಂತ ಬಿಡಿಸಿ ಹೇಳಬೇಕಿರಲಿಲ್ಲ. ಇದು ಪ್ರಾಮಾಣಿಕತೆ ಎಂದು ನನಗೆ ನಾನೇ ಹೇಳಿಕೊಂಡೆ. ವಾರದೊಳಗೆ ಸಂಸ್ಥೆ ಧ್ವನಿಮುದ್ರಣದ ಕೆಲಸವನ್ನು ಮಂಗಳೂರಿನ ಇನ್ನೊಂದು ಸ್ಟುಡಿಯೋಗೆ ವಹಿಸಿತು. ಪ್ರವೀಣನಿಗೆ ಆಮೇಲೆ ಅವರ ಒಂದು ಚಿತ್ರವೂ ಬರಲಿಲ್ಲ.

ಮೇ ತಿಂಗಳ ನಡುವೆ ಚಿತ್ರದ ಹೊಸ ಸಂಕಲನ ನನಗೆ ಬಂತು. ಜೊತೆಗೆ ಒಂದು ಟಿಪ್ಪಣಿ: ದೂರದಲ್ಲಿಟ್ಟಿದ್ದ ಎರಡನೆಯ ಕ್ಯಾಮೆರಾದ ದೃಶ್ಯಗಳು ತಡವಾಗಿ ಕೈಗೆ ಬಂದಿವೆ, ಅವನ್ನು ಸೇರಿಸಲಾಗಿದೆ, ನಿರೂಪಣೆಯನ್ನು ಅದಕ್ಕೆ ತಕ್ಕಂತೆ ಬೆಳೆಸಬೇಕು.

ಬೆಳಿಗ್ಗೆ ಹತ್ತು ಗಂಟೆಗೆ, ಒಲೆಯ ಮೇಲೆ ಹಾಲಿಟ್ಟು ನೋಡಲು ಕುಳಿತೆ. ಹರಿದ ಕಿವಿಯ ಕರಡಿ ಎದ್ದು ಹೊರಟಿತು. ಈ ಸಲ ಚಿತ್ರ ಅಲ್ಲಿಗೆ ನಿಲ್ಲಲಿಲ್ಲ. ಕರಡಿ ದೂರ ಹೋಗಿ ಸುತ್ತು ಹಾಕಿತು. ತನ್ನ ಹೆಜ್ಜೆಗಳೊಳಗೆ ಕಾಲಿಡುತ್ತಾ ಬಂತು. ಚಪ್ಪಡಿಯ ಆಚೆ ಬದಿಯಲ್ಲಿ ಮಲಗಿತು. ನೀರು ಉಬ್ಬಿತು. ಬಿಳಿ ನರಿ ಮೊದಲೇ ಬಂದು ಕುಳಿತಿತ್ತು. ತೆರೆಯ ಎಡಗಡೆ ಕೆಳಮೂಲೆಯಲ್ಲಿ, ನಾಲ್ಕೈದು ಕ್ಷಣ, ಹಿಮದ ಮೇಲೆ ಕೆಂಪಗಿನ ಒಂದು ವಸ್ತು. ಚಿತ್ರವನ್ನು ನಿಲ್ಲಿಸಿ ದೊಡ್ಡದು ಮಾಡಿದೆ. ಗವಸು. ಹೆಬ್ಬೆರಳಿನ ಹತ್ತಿರ ಬೇರೆ ಬಣ್ಣದ ಗೆರೆಯೊಂದಿತ್ತು, ನೀಲಿ ಎಂದು ಆಣೆ ಮಾಡಲಾರೆ, ಆದರೆ ಕೆಂಪಂತೂ ಅಲ್ಲ. ಹಾಲು ಉಕ್ಕಿ ಒಲೆ ಆರಿದ್ದು ವಾಸನೆ ಬಂದ ಮೇಲೆ ನನಗೆ ತಿಳಿಯಿತು.

ನೀವು ಆ ಚಿತ್ರ ಹುಡುಕಿ ನೋಡಿದರೆ ಗವಸು ಸಿಗುವುದಿಲ್ಲ. ಮೂಲೆಯ ಕೆಂಪು ವಸ್ತುವನ್ನು ಅಂತಿಮ ಪ್ರತಿಯಲ್ಲಿ ಅಳಿಸಲಾಗುವುದು, ನಿರೂಪಣೆಯಲ್ಲಿ ಅದರ ಪ್ರಸ್ತಾಪ ಬೇಡ ಎಂದು ಆ ಟಿಪ್ಪಣಿಯಲ್ಲೇ ಇತ್ತು.

ಸಂಸ್ಥೆಗೆ ಫೋನ್ ಮಾಡಿದೆ. ಆ ದೃಶ್ಯಗಳು ಹಿಂದಿನ ವಾರವಷ್ಟೇ ಹೊರದೇಶದಿಂದ ಮುಂಬಯಿಗೆ ಬಂದದ್ದು, ಅದಕ್ಕೆ ಮೊದಲು ಇಲ್ಲಿ ಯಾರೂ ನೋಡಿರಲಿಲ್ಲ ಎಂದರು. ಚಿತ್ರೀಕರಣ ನಡೆದದ್ದು ಹಿಂದಿನ ಚಳಿಗಾಲದಲ್ಲಿ. ಹಮೀದಾಕ ಹಡಗಿನ ಕೆಲಸ ಬಿಟ್ಟು ಕಕ್ಕಿಂಜೆಗೆ ಬಂದು ಎಂಟು ವರ್ಷವಾಗಿತ್ತು. ಪ್ರವೀಣ ತೋರಿಸಿರಬಹುದಾದ ಪ್ರತಿಯಲ್ಲಿ ಈ ಭಾಗವೇ ಇರಲಿಲ್ಲ. ಅಂದರೆ ಅವನ ಮೇಲೆ ನಾನು ಹೊರಿಸಿದ್ದಕ್ಕೆ ಆಧಾರವೇ ಉಳಿಯಲಿಲ್ಲ.

ಎರಡು ದಿನ ಬಿಟ್ಟು ಮತ್ತೆ ಕಕ್ಕಿಂಜೆಗೆ ಹೋದೆ. ಈ ಸಲ ನನ್ನ ಸಂಶಯ ಹಮೀದಾಕನ ಮೇಲೆ. ಹಡಗಿನ ಹಳೆಯ ಗೆಳೆಯರು ಯಾರೋ ಆ ಚಿತ್ರೀಕರಣದಲ್ಲಿದ್ದು ಫೋನಿನಲ್ಲಿ ಹೇಳಿರಬೇಕು ಎಂದು ಬಸ್ಸಿನಲ್ಲಿ ಕುಳಿತು ಊಹೆ ಕಟ್ಟಿದ್ದೆ. ಅವರು ನನ್ನನ್ನು ಸಂತೋಷದಿಂದಲೇ ಕೂರಿಸಿದರು. ಆ ಹರಿದ ಕಿವಿಯ ಕರಡಿಯ ವಿಷಯ ನಿಮಗೆ ಹೇಳಿದ್ದು ಯಾರು ಎಂದು ನೇರವಾಗಿ ಕೇಳಿದೆ.

ಅವರು ಕುರ್ಚಿಯನ್ನು ನನ್ನ ಕಡೆಗೆ ತಿರುಗಿಸಿದರು. "ನೀವು, ಟೀಚರ್."

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. "ಐದು ಪ್ರಶ್ನೆಗೆ ನಾನು ಉತ್ತರ ಕೊಟ್ಟೆ. ಆಮೇಲೆ ಕರಡಿಯ ವಿಷಯ ಹೇಳಿದ್ದು ನೀವು. ನಾನು ಬಾಯಿ ಬಿಡ್ಲಿಲ್ಲ. ನೀವು ಅಲ್ಲಿಗೆ ಹೋಗಿ ಬಂದವರು ಅಂತ ಎಣಿಸಿದೆ ನಾನು. ಹೋಗದೆ ಅಷ್ಟು ಹೇಳ್ಲಿಕ್ಕೆ ಆಗುದಿಲ್ಲ."

ಕೆಂಪು ಗವಸು ನಿಮ್ಮದು ಎಂದು ಅಂದು ನೀವೇ ಹೇಳಿದ್ದಲ್ಲವೇ ಎಂದೆ. ಅಡುಗೆಯವನಿಗೆ ಎಲ್ಲಿಯ ಉಣ್ಣೆ ಗವಸು, ಅಷ್ಟು ವರ್ಷದಲ್ಲಿ ಒಂದು ದಿನವೂ ಹಡಗಿನಿಂದ ಮಂಜಿನ ಮೇಲೆ ಇಳಿದವನಲ್ಲ ನಾನು, ದೂರದಿಂದ ಕಂಡದ್ದು ಮತ್ತು ಬೇರೆಯವರಿಂದ ಕೇಳಿದ್ದೇ ಹೊರತು ಹತ್ತಿರದಿಂದ ಒಂದು ಬೇಟೆಯನ್ನೂ ನೋಡಿಲ್ಲ ಎಂದರು. ಹೇಳುತ್ತಾ ಹೇಳುತ್ತಾ ಅವರ ಮುಖ ಗಟ್ಟಿಯಾಯಿತು. ತನ್ನನ್ನು ಪರೀಕ್ಷೆ ಮಾಡಲು ಬಂದಿದ್ದೀರಾ ಎಂದು ಕೇಳಿದರು. ನಾನು ಅವರನ್ನು ಅನುಮಾನಿಸುತ್ತಿದ್ದ ಹೊತ್ತಿಗೆ ಅವರು ನನ್ನನ್ನು ಅನುಮಾನಿಸತೊಡಗಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ನೀರು ಕುಡಿಯುವ ನೆವದಲ್ಲಿ ಅಡುಗೆಮನೆಗೆ ಹೋಗಿ ಝುಬೈದಾಳನ್ನು ಬೇರೆಯಾಗಿ ಕೇಳಿದೆ. ಮಾವ ಏನು ಹೇಳಿದರು ಎಂದು ಅವಳಿಗೆ ತಿಳಿಸದೆ, ಅಂದು ನೀನು ಬಾಗಿಲಿಗೆ ಬಂದಾಗ ಯಾರು ಮಾತಾಡುತ್ತಿದ್ದರು ಎಂದಷ್ಟೇ ಕೇಳಿದೆ.

"ನೀವೇ ಅಲ್ವಾ ಟೀಚರ್," ಎಂದಳು ಅವಳು. "ನೀವು ನಡುಗ್ತಾ ಇದ್ರಿ. ಚಳಿ ಆಗ್ತದಾ ಅಂತ ಕೇಳಿದೆ, ನೀವು ಉತ್ತರ ಕೊಡ್ಲಿಲ್ಲ. ಹೊದಿಕೆ ತಂದಿಟ್ಟೆ. ಜ್ವರ ಇರ್ಬೇಕು ಅಂತ ನಾನು ಮಾವನಿಗೆ ಹೇಳಿದ್ದೆ."

ಹಬೆಯ ಬಗ್ಗೆ ನಾನು ಕೇಳಲಿಲ್ಲ. ಅವಳು ಏನು ಉತ್ತರ ಕೊಡಬಹುದು ಎಂದು ಹೆದರಿ ಕೇಳದೆ ಬಂದೆ. ಜೀವಮಾನದಲ್ಲಿ ನಾನು ಹೆದರಿ ಕೇಳದೆ ಬಿಟ್ಟ ಪ್ರಶ್ನೆ ಅದೊಂದೇ ಇರಬೇಕು.

ಮನೆಗೆ ಬಂದು ನೋಟ್ ಪುಸ್ತಕ ತೆಗೆದೆ. ಆ ಶನಿವಾರದ ಬರಹ ಅದರಲ್ಲಿತ್ತು, ಹೊಸ ಸಂಕಲನ ಬರುವುದಕ್ಕೆ ಮೂರು ವಾರ ಮೊದಲಿನದು. ಹಾಗಾಗಿ ಕರಡಿ ತಿರುಗಿ ಬಂದದ್ದು, ನರಿ, ಗವಸು ಎಲ್ಲವೂ ಅಂದೇ ಆ ಜಗಲಿಯಲ್ಲಿ ಯಾರದೋ ಬಾಯಿಂದ ಬಂದದ್ದು ಖಂಡಿತ. ಮೊದಲ ಎರಡು ಪುಟಗಳಲ್ಲಿ ಪ್ರಶ್ನೆ, ಅದರ ಕೆಳಗೆ 'ಹಮೀದಾಕ ಹೇಳಿದ್ದು' ಎಂದು ಉತ್ತರ. ಮೂರನೆಯ ಪುಟದಿಂದ 'ಹೇಳಿದ್ದು' ಎಂಬ ಪದವೇ ಇಲ್ಲ. ಅಕ್ಷರ ನನ್ನದೇ, ಸ್ವಲ್ಪ ಓರೆಯಾಗಿತ್ತು, ಕೈ ಮರಗಟ್ಟಿದವರು ಬರೆದ ಹಾಗೆ. ಗವಸಿನ ಸಾಲಿನ ಕೊನೆಯಲ್ಲಿ ಎರಡೇ ಪದ: 'ಅದು ನನ್ನದು.'

ಹಮೀದಾಕ ಹಾಗೆ ಹೇಳಿದ್ದನ್ನೇ ಬರೆದುಕೊಂಡೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಕೆಂಪು ಗವಸು ನನ್ನಲ್ಲಿ ಎಂದೂ ಇರಲಿಲ್ಲ. ಹಿಮವನ್ನು ನಾನು ಮುಟ್ಟಿ ನೋಡಿದವಳೂ ಅಲ್ಲ. ಶಾಲೆಯ ಮಕ್ಕಳೊಡನೆ ಊಟಿಗೆ ಹೋದದ್ದೇ ನಾನು ಕಂಡ ದೊಡ್ಡ ಚಳಿ. ಡಾಕ್ಟರರ ಹತ್ತಿರ ಹೋದೆ. ತಲೆಯ ಸ್ಕ್ಯಾನ್ ಮಾಡಿಸಿದರು, ಏನೂ ತೊಂದರೆಯಿಲ್ಲ ಎಂದರು. ಚಿತ್ರವನ್ನು ಮತ್ತೆ ಮತ್ತೆ ನೋಡಿ, ಮುಂದೇನಾಗಬಹುದು ಎಂದು ನನ್ನ ಮನಸ್ಸೇ ಕಟ್ಟಿಕೊಂಡು, ಬಿಸಿಲಿನ ಜ್ವರದಲ್ಲಿ ಹೇಳಿರಬಹುದು ಎಂಬುದು ನಾನು ಮಾಡಿಕೊಂಡ ಕೊನೆಯ ಊಹೆ. ಕರಡಿ ತಿರುಗಿ ಬರುವುದನ್ನು ಊಹಿಸಬಹುದು. ನರಿಯನ್ನೂ ಊಹಿಸಬಹುದು. ಹೆಬ್ಬೆರಳ ಹೊಲಿಗೆಯನ್ನು ಹೇಗೆ ಊಹಿಸುವುದು? ಇಲ್ಲಿಗೆ ಬಂದು ನನ್ನ ಲೆಕ್ಕ ಪ್ರತಿ ಸಲವೂ ನಿಂತುಹೋಗುತ್ತದೆ.

ಸಂಸ್ಥೆಗೆ ಮತ್ತೆ ಬರೆದೆ, ನನ್ನ ಅನುಮಾನ ತಪ್ಪಾಗಿತ್ತು ಎಂದು. ಅವರು ವಂದನೆ ಹೇಳಿ ಉತ್ತರಿಸಿದರು. ಕೆಲಸ ಮಾತ್ರ ಪ್ರವೀಣನಿಗೆ ಹಿಂದಿರುಗಲಿಲ್ಲ. ಆ ಚಿತ್ರ ಮುಗಿಸಿದ ಮೇಲೆ ನಾನೂ ಅವರಿಗೆ ಬರೆಯುವುದನ್ನು ಬಿಟ್ಟೆ.

ಪ್ರವೀಣನ ಮನೆಗೆ ಹೋಗಲು ನನಗೆ ಆರು ತಿಂಗಳು ಬೇಕಾಯಿತು. ಒಂದು ಭಾನುವಾರ ಸಂಜೆ ಹೋದೆ. ಅವನ ಹೆಂಡತಿ ಕೂರಿಸಿದಳು. ಅವನು ಬಂದು ಎದುರಿಗೆ ಕುಳಿತು "ಬನ್ನಿ ಮೇಡಂ" ಎಂದ. ಎಂಟನೆಯ ತರಗತಿಯಿಂದ ನನ್ನನ್ನು ಟೀಚರ್ ಎಂದೇ ಕರೆದವನು. ನಾನು ಕ್ಷಮೆ ಕೇಳಿದೆ. ಆಮೇಲೆ ಇಲ್ಲಿ ಬರೆದಿರುವುದನ್ನೆಲ್ಲ, ಹಬೆಯನ್ನೂ ನೋಟ್ ಪುಸ್ತಕದ ಕೊನೆಯ ಸಾಲನ್ನೂ ಬಿಡದೆ ಅವನಿಗೆ ಹೇಳಿದೆ. ಯಾರಿಗಾದರೂ ಅದನ್ನು ಹೇಳಿದ್ದು ಅದೇ ಮೊದಲು. ಪುಸ್ತಕವನ್ನೂ ಮುಂದಿಟ್ಟೆ. ಅವನು ತೆರೆಯಲಿಲ್ಲ. ತಾರೀಖು ನೋಡು, ಅಕ್ಷರ ನೋಡು ಎಂದೆ. ನಾನು ಬೇಡುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿತ್ತು.

ಅವನು ಸಿಟ್ಟಿನಿಂದ ಹೇಳಲಿಲ್ಲ. ಯೋಚಿಸಿ, ಮೆಲ್ಲಗೆ ಹೇಳಿದ. "ಅವತ್ತು ನೀವು ನನ್ನ ಮಾತು ನಂಬಿದ್ರೆ, ಇವತ್ತು ನಿಮ್ಮದು ನಂಬ್ಲಿಕ್ಕೆ ನನಗೆ ಸುಲಭ ಆಗ್ತಿತ್ತು ಮೇಡಂ."

ಅವನ ಹೆಂಡತಿ ಚಹಾ ತಂದಳು. ಕುಡಿದೆವು. ಊರಿನ ಸುದ್ದಿ ಒಂದಿಷ್ಟು ಮಾತಾಡಿ ನಾನು ಎದ್ದೆ. ಗೇಟಿನವರೆಗೆ ಬಂದು ಕಳಿಸಿದ, ಜಾಗ್ರತೆ ಹೋಗಿ ಎಂದ. ಅವನಿಗೆ ನನ್ನ ಮಾತು ಎಷ್ಟು ಒಪ್ಪಿಗೆಯಾಯಿತೋ ನನಗೆ ಗೊತ್ತಿಲ್ಲ. ಅಂದು ಕಕ್ಕಿಂಜೆಯ ಜಗಲಿಯಲ್ಲಿ ಮಾತಾಡಿದ್ದು ಹಮೀದಾಕನೋ ನಾನೋ, ಅದೂ ಗೊತ್ತಿಲ್ಲ. ಅವರ ದನಿ ನನ್ನ ಕಿವಿಯಲ್ಲಿ ಇನ್ನೂ ಸ್ಪಷ್ಟವಾಗಿದೆ. ಅಲ್ಲಿದ್ದ ಬೇರೆ ಇಬ್ಬರೂ ಅದು ನನ್ನ ದನಿ ಎನ್ನುತ್ತಾರೆ.